ಮೋಡೆಮ್ ಬದಲಿಸುವ ಮೊದಲು ರಿಸೀವರ್ ಎತ್ತಿ ಕೇಳಿ

ಮಲೆನಾಡಿನ ಕಡೆ ತಾಮ್ರದ ಫೋನ್ ಲೈನಿನಲ್ಲೇ ಬ್ರಾಡ್‌ಬ್ಯಾಂಡ್ ಹಾಕಿಸಿಕೊಂಡ ಮನೆಗಳಿಂದ ನನಗೆ ಬರುವ ಕರೆ ಹೆಚ್ಚುಕಮ್ಮಿ ಒಂದೇ ರೀತಿ ಇರುತ್ತದೆ. "ಡಿಎಸ್‌ಎಲ್ ಲೈಟ್ ಮಿಣುಕ್ತಾನೇ ಇದೆ, ಮೋಡೆಮ್ ಹೋಯ್ತು ಅನ್ಸುತ್ತೆ, ಬೇರೆ ತರ್ಲಾ?" ಡಿಎಸ್‌ಎಲ್ ಅಂದರೆ ಫೋನ್ ತಂತಿಯಲ್ಲೇ ಬರುವ ಇಂಟರ್ನೆಟ್; ಲೈನ್ ಸರಿಯಾಗಿ ಸಿಕ್ಕಿದ್ದರೆ ಮೋಡೆಮ್ಮಿನ ಆ ಲೈಟ್ ಮಿಣುಕದೆ ಉರಿಯುತ್ತದೆ.

ಬೇಡ. ಮೊದಲು ಫೋನ್ ಎತ್ತಿ ಯಾವುದಾದರೂ ಒಂದು ಅಂಕಿ ಒತ್ತಿ. ಡಯಲ್ ಟೋನ್ ನಿಲ್ಲುತ್ತದೆ. ಆ ನಾಲ್ಕೈದು ಸೆಕೆಂಡು ಕಿವಿಗೊಟ್ಟು ಕೇಳಿ. ಏನೂ ಸದ್ದು ಇರಬಾರದು. ಗರಗರ, ಚರಚರ ಅಂತ ಕೇಳಿಸಿದರೆ ಮೊದಲು ಅನುಮಾನ ಪಡಬೇಕಾದ್ದು ಲೈನನ್ನು, ಮೋಡೆಮ್ಮನ್ನಲ್ಲ.

ಒಂದೇ ಜೋಡಿ ತಂತಿಯಲ್ಲಿ ಮಾತೂ ಬರುತ್ತದೆ, ಇಂಟರ್ನೆಟ್ಟೂ ಬರುತ್ತದೆ. ಮಾತು 300ರಿಂದ 3400 ಹರ್ಟ್ಸ್ ಒಳಗೆ, ಇಂಟರ್ನೆಟ್ ಸುಮಾರು 25 ಕಿಲೋಹರ್ಟ್ಸ್‌ನಿಂದ ಮೇಲೆ. ಎರಡನ್ನೂ ಬೇರೆ ಮಾಡುವುದು ಸ್ಪ್ಲಿಟರ್ ಅನ್ನುವ ಪುಟ್ಟ ಡಬ್ಬಿ. ಹೊರಗಿನ ತಂತಿ ಎಲ್ಲೂ ಕವಲೊಡೆಯದೆ ಅದರ ಲೈನ್ ತೂತಿಗೇ ಬರಬೇಕು. ನಾನು ನೋಡಿದ ಮನೆಗಳಲ್ಲಿ ಜಾಸ್ತಿ ತಪ್ಪಾಗಿರುವುದು ಇಲ್ಲೇ. ಹಾಲ್‌ನಲ್ಲಿ ಸ್ಪ್ಲಿಟರ್ ಇರುತ್ತದೆ, ಆದರೆ ಅದಕ್ಕೂ ಮೊದಲೇ ಇನ್ನೊಂದು ತಂತಿ ಮಹಡಿಗೆ ಹೋಗಿರುತ್ತದೆ, ಅಲ್ಲಿ ಫಿಲ್ಟರ್ (ಇಂಟರ್ನೆಟ್ ಸಿಗ್ನಲ್ಲನ್ನು ಫೋನಿನಿಂದ ದೂರ ಇಡುವ ಡಬ್ಬಿ) ಇಲ್ಲದ ಪ್ಯಾರಲಲ್ ಫೋನ್, ಅಂದರೆ ಅದೇ ಲೈನಿನ ಇನ್ನೊಂದು ಫೋನ್ ಇರುತ್ತದೆ, ಅದನ್ನು ಯಾರಾದರೂ ಎತ್ತಿದರೆ ಸಾಕು, ಕೆಳಗೆ ನೆಟ್ ಕಟ್. ಒಂದು ಮನೆಯಲ್ಲಂತೂ ಆ ಫೋನ್ ತೆಗೆದು ವರ್ಷಗಳೇ ಆಗಿದ್ದವು, ತಂತಿ ಮಾತ್ರ ಬೀರುವಿನ ಹಿಂದೆ ಸುಮ್ನೆ ನೇತಾಡುತ್ತಿತ್ತು. ಹಾಗೆ ಬಿಟ್ಟ ತುದಿಯಿಂದ ಸಿಗ್ನಲ್ ವಾಪಸ್ ಬಂದು ಲೈನ್ ಕೆಡಿಸುತ್ತದೆ. ಆ ಕವಲನ್ನು ರೋಸೆಟ್ ಬಾಕ್ಸಿನಲ್ಲೇ (ಗೋಡೆಯ ಮೇಲೆ ಫೋನ್ ತಂತಿ ಜೋಡಿಸುವ ಪುಟ್ಟ ಡಬ್ಬಿ) ಬಿಚ್ಚಿದೆ, ಲೈಟ್ ಮಿಣುಕುವುದು ನಿಂತಿತು.

ಮನೆಯೊಳಗಿನ ತಪ್ಪೋ ಹೊರಗಿನದೋ ತಿಳಿಯಲು ಎಲ್ಲಾ ಫೋನ್, ಸ್ಪ್ಲಿಟರ್, ಮೋಡೆಮ್ ಕಳಚಿಬಿಡಿ. ತಂತಿ ಮನೆಗೆ ಬರುವ ಮೊದಲ ಬಾಕ್ಸಿಗೆ ಒಂದೇ ಒಂದು ಫೋನ್ ಹಾಕಿ ಕೇಳಿ, ಆಮೇಲೆ ಅಲ್ಲಿಗೇ ಮೋಡೆಮ್ ಮಾತ್ರ ಹಾಕಿ ನೋಡಿ. ಅಲ್ಲಿ ಎರಡೂ ಸರಿ ಇದ್ದರೆ ತಪ್ಪು ಮನೆಯೊಳಗಿದೆ. ಬಾಕ್ಸ್ ಬಿಚ್ಚಿದರೆ ಸ್ಕ್ರೂ ಹತ್ತಿರ ಹಸಿರು ಕಿಲುಬು ಹಿಡಿದಿದೆಯಾ ನೋಡಿ. ತಂತಿಯ ತುದಿ ಕತ್ತರಿಸಿ ಹೊಸದಾಗಿ ಬಿಗಿದರೆ ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ. ಲೈನಿನಲ್ಲಿ ಸಾಮಾನ್ಯವಾಗಿ 48 ವೋಲ್ಟ್ ಇರುತ್ತದೆ, ರಿಂಗ್ ಬಂದಾಗ ಇನ್ನೂ ಜಾಸ್ತಿ, ಚುರುಕ್ ಅನ್ನುತ್ತದೆ. ಗುಡುಗು ಸಿಡಿಲಿದ್ದಾಗ ಮುಟ್ಟಲೇ ಬೇಡಿ. ಕರೆಂಟಿನ ಪ್ಲಗ್ ಜೊತೆ ಫೋನ್ ತಂತಿಯನ್ನೂ ಮೋಡೆಮ್‌ನಿಂದ ಮೊದಲೇ ಕಿತ್ತಿಡಿ.

ಇನ್ನೊಂದು ವಿಚಿತ್ರ ಇದೆ. ಫೋನ್ ಪೂರ್ತಿ ಸತ್ತಿರುತ್ತದೆ, ನೆಟ್ ಮಾತ್ರ ತೆವಳುತ್ತಾ ಬರುತ್ತಿರುತ್ತದೆ. ಜೋಡಿಯಲ್ಲಿ ಒಂದು ತಂತಿ ಎಲ್ಲೋ ತುಂಡಾದಾಗ ಹೀಗಾಗುವುದುಂಟು. ನೆಟ್ ಬರ್ತಿದೆಯಲ್ಲ ಅಂತ ಸುಮ್ಮನಿರಬೇಡಿ.

ಮೊದಲ ಬಾಕ್ಸಿನಲ್ಲೂ ಗರಗರ ಇದ್ದರೆ ಕಂಬದ ಡಿಪಿ ಬಾಕ್ಸೋ (ಮನೆಮನೆಗೆ ತಂತಿ ಹಂಚುವ ಡಬ್ಬಿ), ಅಲ್ಲಿಂದ ಮನೆಗೆ ಬರುವ ಡ್ರಾಪ್ ವೈರ್‌ನ ಜಾಯಿಂಟೋ ನೀರು ಕುಡಿದಿರಬಹುದು. ಮಳೆಗಾಲದಲ್ಲಿ ಇದು ಮಾಮೂಲು. ದೂರು ಕೊಡುವಾಗ "ನೆಟ್ ಸ್ಲೋ" ಅಂತಷ್ಟೇ ಹೇಳಬೇಡಿ. "ಮೊದಲ ಬಾಕ್ಸಲ್ಲಿ ಒಂದೇ ಫೋನ್ ಹಾಕಿದ್ರೂ ಸದ್ದು ಬರ್ತಿದೆ" ಅನ್ನಿ. ಬ್ರೌಸರಿನಲ್ಲಿ ತೆರೆಯುವ ಮೋಡೆಮ್ ಸೆಟ್ಟಿಂಗ್ ಪುಟದಲ್ಲಿ ಎಸ್‌ಎನ್‌ಆರ್ ಮಾರ್ಜಿನ್ ಅಂತ ಒಂದು ಅಂಕಿ ಇರುತ್ತದೆ (ಲೈನಿನ ಗದ್ದಲ ಇನ್ನೆಷ್ಟು ಹೆಚ್ಚಾದರೂ ನೆಟ್ ತಡೆಯುತ್ತದೆ ಅನ್ನುವ ಅಳತೆ), ಅದು 6 ಡೆಸಿಬಲ್‌ಗಿಂತ ಕೆಳಗಿದ್ದರೆ ಅದನ್ನೂ ಹೇಳಿ. ಆಗ ಲೈನ್‌ಮ್ಯಾನ್ ಮನೆಯೊಳಗೆ ಹುಡುಕುತ್ತಾ ಕೂರದೆ ನೇರ ಕಂಬ ಹತ್ತುತ್ತಾರೆ.