ಅಂಕಿ ಸರಿ, ಹಾಲು ಸರಿಯಿಲ್ಲ

ಬದಿಯಡ್ಕದ ಕಡೆಯ ಕೃಷಿಕರೊಬ್ಬರು ಮೊನ್ನೆ ಮಂಗಳೂರಿನ ಆಸ್ಪತ್ರೆಯಿಂದ ಬಿಡುಗಡೆಯಾಗಿ ಬಂದವರೇ ಕೇಳಿದರು: “ಈ ರಕ್ತ ತೆಳು ಮಾಡುವ ಇಂಜೆಕ್ಷನ್ ಸರಿ ಉಂಟೋ ಇಲ್ಲವೋ ಅಂತ ನಿಮ್ಮ ಲ್ಯಾಬಿನಲ್ಲಿ ಹೇಗೆ ಗೊತ್ತಾಗ್ತದೆ ಮಾರಾಯ್ರೇ?” (ರಕ್ತ ತೆಳುವಾಗುವುದಿಲ್ಲ, ಹೆಪ್ಪುಗಟ್ಟುವುದು ತಡವಾಗುತ್ತದೆ. ಆದರೆ ಆ ಮಾತನ್ನು ತಿದ್ದಿ ತಿದ್ದಿ ನಾನೂ ಸೋತಿದ್ದೇನೆ.)

ಅವರು ದಿನಾ ಸೊಸೈಟಿಗೆ ಹಾಲು ಹಾಕುವವರು. ಹಾಗಾಗಿ ಹಾಲಿನಲ್ಲಿ ತೇಲಿಸಿ ಅದರ ಗಟ್ಟಿತನ ನೋಡುವ ಲ್ಯಾಕ್ಟೋಮೀಟರಿನಿಂದಲೇ ಶುರುಮಾಡಿದೆ. ಹಾಲಿಗೆ ನೀರು ಸೇರಿಸಿದರೆ ಆ ಮೀಟರು ಹೆಚ್ಚು ಮುಳುಗುತ್ತದೆ. ಒಂದಿಷ್ಟು ಸಕ್ಕರೆ ಕರಗಿಸಿದರೆ ಪುನಃ ಮೇಲೇಳುತ್ತದೆ. ಅವರು ಕೇಳಿದ ಇಂಜೆಕ್ಷನ್ನಿನ ಔಷಧ ಹೆಪಾರಿನ್. ಅದಕ್ಕೂ ಹೀಗೇ ಆಯಿತು.

ಹೆಪಾರಿನ್ ತೆಗೆಯುವುದು ಹೆಚ್ಚಾಗಿ ಹಂದಿಯ ಕರುಳಿನ ಒಳಪದರದಿಂದ. ಉದ್ದ ಗಿಡ್ಡ ಅಣು ಸರಪಳಿಗಳ ಮಿಶ್ರಣ ಅದು. ಬರೀ ತೂಕ ನೋಡಿದರೆ ಬಲ ತಿಳಿಯದು, ಯೂನಿಟ್‌ನಲ್ಲೇ ಅಳೆಯಬೇಕು. ಹಿಂದೆ ಕುರಿಯ ಪ್ಲಾಸ್ಮಾಕ್ಕೆ (ರಕ್ತಕಣ ತೆಗೆದುಳಿದ ದ್ರವಕ್ಕೆ) ಹೆಪಾರಿನ್ನೂ ಕ್ಯಾಲ್ಸಿಯಮ್ಮೂ ಹಾಕಿ, ಗಂಟೆ ಕಳೆದ ಮೇಲೆ ಟ್ಯೂಬು ಓರೆ ಮಾಡಿ ಎಷ್ಟು ಹೆಪ್ಪುಗಟ್ಟಿದೆ ಎಂದು ನೋಡುತ್ತಿದ್ದರು. ಹೆಪ್ಪು ತಡೆದದ್ದು ಯಾವುದು ಎಂದು ಆ ಟ್ಯೂಬಿಗೆ ಗೊತ್ತಿಲ್ಲ.

2008ರ ಹೊತ್ತಿಗೆ ಅಮೆರಿಕದಲ್ಲಿ ಹೆಪಾರಿನ್ ಕೊಟ್ಟ ಕೆಲವೇ ಹೊತ್ತಿನಲ್ಲಿ ಡಯಾಲಿಸಿಸ್ ರೋಗಿಗಳ ರಕ್ತದೊತ್ತಡ ಕುಸಿಯತೊಡಗಿತು, ಸಾವುಗಳೂ ಆದವು. ಚೀನಾದಿಂದ ಬಂದ ಕಚ್ಚಾ ಹೆಪಾರಿನ್ನಿನಲ್ಲಿ ಅತಿಯಾಗಿ ಸಲ್ಫೇಟ್ ಸೇರಿಸಿದ ಕಾಂಡ್ರಾಯ್ಟಿನ್ ಎಂಬ, ಹೆಪಾರಿನ್ನನ್ನೇ ಹೋಲುವ ವಸ್ತುವಿನ ಕಲಬೆರಕೆ ಇತ್ತು. ಅಗ್ಗದ ಮಾಲು, ಆದರೆ ಅದೂ ಹೆಪ್ಪು ತಡೆಯುತ್ತದೆ. ಹಾಲಿಗೆ ಹಾಕಿದ ಸಕ್ಕರೆಯ ಹಾಗೇ!

ಕಳ್ಳ ಸಿಕ್ಕಿದ್ದು ಅಣುವಿನ ರಚನೆಯನ್ನು ಗ್ರಾಫಾಗಿ ತೋರಿಸುವ ಎನ್‌ಎಂಆರ್‌ ಯಂತ್ರದಲ್ಲಿ. ಗ್ರಾಫಿನಲ್ಲಿ ಹೆಪಾರಿನ್ನಿನ ಪೀಕ್ (ಶಿಖರ) 2.04ರ ಹತ್ತಿರ ಏಳುತ್ತದೆ, ಆ ಕಲಬೆರಕೆಯದ್ದು 2.15ರ ಹತ್ತಿರ, ಪಕ್ಕದಲ್ಲೇ. ಪೀಕ್‌ಗಳು ಅಷ್ಟು ಒತ್ತೊತ್ತಾಗಿರುವಾಗ ಗ್ರಾಫಿನ ಆ ತುಂಡನ್ನು ದೊಡ್ಡದು ಮಾಡದೆ ಸಹಿ ಹಾಕಬಾರದು.

2009ರಲ್ಲಿ ಅಮೆರಿಕದ ಔಷಧ ಸಂಹಿತೆ (ಔಷಧಗಳ ಗುಣಮಟ್ಟ ಹೇಳುವ ಗ್ರಂಥ) ಕುರಿ ಪ್ಲಾಸ್ಮಾವನ್ನು ಬಿಟ್ಟಿತು. ರಕ್ತದಲ್ಲಿ ಹೆಪ್ಪುಗಟ್ಟಿಸುವುದು ಥ್ರಾಂಬಿನ್, ಅದನ್ನು ತಡೆಯುವುದು ಆಂಟಿಥ್ರಾಂಬಿನ್. ಈಗ ಹೆಪಾರಿನ್, ಆಂಟಿಥ್ರಾಂಬಿನ್ ಮೂಲಕ ಥ್ರಾಂಬಿನ್ನನ್ನು ಎಷ್ಟು ಅಡಗಿಸುತ್ತದೆ ಎಂದು ನೋಡುತ್ತಾರೆ. ಅಡಗದೆ ಉಳಿದ ಥ್ರಾಂಬಿನ್ ಬಣ್ಣ ಬಿಡುವ ವಸ್ತುವನ್ನು ಕತ್ತರಿಸಿ ದ್ರಾವಣ ಹಳದಿಯಾಗಿಸುತ್ತದೆ. ತೆಳು ಅರಿಶಿನ ನೀರಿನ ಹಾಗೆ. ಹಳದಿ ಹೆಚ್ಚಿದಷ್ಟೂ ಹೆಪಾರಿನ್ ಕಡಿಮೆ. ಮಿಲಿಗ್ರಾಮಿಗೆ 180 ಯೂನಿಟ್ಟಾದರೂ ಇರಬೇಕು. ಇದೇ ಪರೀಕ್ಷೆ ಹೆಪ್ಪುಗಟ್ಟಿಸುವ ಇನ್ನೊಂದು ಅಂಶವಾದ ಹತ್ತನೇ ಫ್ಯಾಕ್ಟರಿನ ಮೇಲೂ ನಡೆದು, ಎರಡರ ಅನುಪಾತ 0.9ರಿಂದ 1.1ರೊಳಗೆ ಬರಬೇಕು. ಕಲಬೆರಕೆ ಸೋಲುವುದು ಇಲ್ಲಿ. ಆ ಮಾಲು ಆಂಟಿಥ್ರಾಂಬಿನ್ನಿನ ದಾರಿಯಲ್ಲಿ ಕೆಲಸ ಮಾಡುವುದು ಬಹಳ ಕಡಿಮೆ.

“ಮತ್ತೆ ನಮಗೆ ಸಂಶಯ ಬಂದ್ರೆ?” ಎಂದರು. ಬಾಟಲಿ ಬಿಸಾಡಬೇಡಿ, ಬಿಲ್ಲು ಇಟ್ಟುಕೊಳ್ಳಿ, ಬ್ಯಾಚ್ ನಂಬರ್ ಬರೆದು ಡ್ರಗ್ಸ್ ಇನ್‌ಸ್ಪೆಕ್ಟರಿಗೆ ಕೊಡಿ ಎಂದೆ. ತೆರೆದ ಬಾಟಲಿಯ ತಳದ ನಾಲ್ಕು ಹನಿಯಿಂದ ನಮಗೆ ಪರೀಕ್ಷೆ ಮಾಡಲು ಆಗುವುದಿಲ್ಲ. ಅದೇ ಬ್ಯಾಚಿನ ಸೀಲ್ ಮಾಡಿದ ಬಾಟಲಿ ಬೇಕು.