ಕಲಿಕೆಯ ವರ್ಗಾವಣೆ: ಆಟದಲ್ಲಿ ಕಲಿತದ್ದು ಆಟದಾಚೆಗೂ ಬರುತ್ತಾ?

ಮೈನ್‌ಕ್ರಾಫ್ಟ್ ಎಂಬ ವಿಡಿಯೋ ಗೇಮ್ ಆಡುವ ಮಗುವಿನ ಪಕ್ಕ ಸ್ವಲ್ಪ ಹೊತ್ತು ಕೂತು ನೋಡಿ. ಅದರಲ್ಲಿ ಒಂದು ಕಬ್ಬಿಣದ ಪಿಕಾಸಿ ಮಾಡಲು ಮೂರು ಕಬ್ಬಿಣದ ಗಟ್ಟಿ, ಎರಡು ಕೋಲು ಬೇಕು. "ಐದು ಪಿಕಾಸಿ ಬೇಕಂದ್ರೆ?" ಎಂದು ಕೇಳಿದರೆ, ಪರದೆಯಿಂದ ಕಣ್ಣು ಕೀಳದೆ "ಹದಿನೈದು ಗಟ್ಟಿ, ಹತ್ತು ಕೋಲು" ಎನ್ನುತ್ತದೆ. ಅದೇ ಲೆಕ್ಕಕ್ಕೆ 'ಅನುಪಾತ' ಎಂದು ತಲೆಬರಹ ಕೊಟ್ಟು ಹಾಳೆಯ ಮೇಲೆ ಬರೆದುಕೊಡಿ. ಪೆನ್ಸಿಲ್ ಕಚ್ಚುತ್ತಾ ಕೂತರೂ ಕೂರಬಹುದು.

ಇಲ್ಲಿ ಆಗದೇ ಉಳಿದದ್ದಕ್ಕೆ ಮನಶ್ಶಾಸ್ತ್ರದಲ್ಲಿರುವ ಹೆಸರು 'ಕಲಿಕೆಯ ವರ್ಗಾವಣೆ'. ವರ್ಗಾವಣೆ ಅಂದ ಕೂಡಲೇ ನಮಗೆ ನೌಕರಿ, ಆದೇಶ, ಗಂಟುಮೂಟೆ ನೆನಪಾಗುತ್ತವೆ. ಇಲ್ಲೂ ಹೆಚ್ಚುಕಮ್ಮಿ ಅದೇ. ಜಾಗ ಬದಲಿಸುವುದು ಮನುಷ್ಯನಲ್ಲ, ಅವನು ಕಲಿತದ್ದು. ಒಂದು ಕಡೆ ಕಲಿತದ್ದು ಇನ್ನೊಂದು ಕಡೆ ಕೆಲಸಕ್ಕೆ ಬಂದರೆ ವರ್ಗಾವಣೆ ಆಯಿತು. ಹೊಸ ಜಾಗ ಹಳೆಯದರಂತೆಯೇ ಇದ್ದರೆ ಅದು ಹತ್ತಿರದ ವರ್ಗಾವಣೆ. ತೀರಾ ಬೇರೆಯಾಗಿದ್ದರೆ ದೂರದ್ದು.

ಆಟದಿಂದ ಕಲಿಕೆ ಎನ್ನುವವರು ಭರವಸೆ ಕೊಡುವುದು ಹೆಚ್ಚಾಗಿ ದೂರದ್ದನ್ನು. ಸಂಶೋಧನೆಯಲ್ಲಿ ಸಿಗುವುದು ಹೆಚ್ಚಾಗಿ ಹತ್ತಿರದ್ದು.

ಈ ತಕರಾರು ಕಂಪ್ಯೂಟರಿಗಿಂತ ಹಳೆಯದು. ಲ್ಯಾಟಿನ್ ಕಲಿತರೆ ಬುದ್ಧಿಯೇ ಚುರುಕಾಗುತ್ತದೆ ಎಂದು ಪಶ್ಚಿಮದ ಶಾಲೆಗಳು ನಂಬಿದ್ದ ಕಾಲವಿತ್ತು. 1901ರಲ್ಲಿ ಥಾರ್ನ್‌ಡೈಕ್ ಮತ್ತು ವುಡ್‌ವರ್ತ್ ಎಂಬ ಮನಶ್ಶಾಸ್ತ್ರಜ್ಞರು ಇಂಥ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿದರು. ಆಕೃತಿಗಳ ವಿಸ್ತೀರ್ಣವನ್ನು ಕಣ್ಣಳತೆಯಲ್ಲೇ ಹೇಳುವ ಅಭ್ಯಾಸ ಕೊಟ್ಟು, ಆಮೇಲೆ ಆಕಾರ, ಗಾತ್ರ ಬದಲಿಸಿ ನೋಡಿದರು. ಅಭ್ಯಾಸದ ಲಾಭದಲ್ಲಿ ಬಹಳಷ್ಟು ಅಲ್ಲೇ ಉಳಿದುಬಿಟ್ಟಿತು. ಎರಡು ಕೆಲಸಗಳಲ್ಲಿ ಸಮಾನ ಅಂಶ ಎಷ್ಟಿದೆಯೋ ಅಷ್ಟೇ ವರ್ಗಾವಣೆ ಎಂಬುದು ಅವರ ತೀರ್ಮಾನ. ಲ್ಯಾಟಿನ್ ಇದ್ದ ಜಾಗಕ್ಕೆ ಈಗ ಗೇಮ್ ಬಂದು ಕೂತಿದೆ, ಅಷ್ಟೇ.

2010ರಲ್ಲಿ ಇದಕ್ಕೊಂದು ದೊಡ್ಡ ಪರೀಕ್ಷೆ ನಡೆಯಿತು. 11,430 ಜನ ಆರು ವಾರ ಆನ್‌ಲೈನ್‌ನಲ್ಲಿ, ಬುದ್ಧಿ ಚುರುಕಾಗಲೆಂದು ಆಡಿಸುವ ಆಟದಂಥ 'ಮಿದುಳಿನ ಕಸರತ್ತು' ಮಾಡಿದರು. ಅಭ್ಯಾಸ ಮಾಡಿದ ಕಸರತ್ತುಗಳಲ್ಲಿ ಪಳಗಿದರು. ಅಭ್ಯಾಸ ಮಾಡದ ಪರೀಕ್ಷೆಗಳಲ್ಲಿ ಮಾತ್ರ, ಅವು ಅದೇ ಜಾತಿಯವಾಗಿದ್ದರೂ, ಲಾಭ ಕಾಣಲಿಲ್ಲ.

ಹಾಗಂತ ಆಟ ದಂಡ ಎನ್ನಬೇಕಾಗಿಲ್ಲ. ಪಾಠ ಕಲಿಸಲೆಂದೇ ಆಟ ಬಳಸಿದಾಗ ಲೆಕ್ಕ ಬೇರೆ. ಕ್ಲಾರ್ಕ್ ಮತ್ತು ಸಂಗಡಿಗರು ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ 2016ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಡಿಜಿಟಲ್ ಆಟದಿಂದ ಕಲಿತವರ ಪರವಾಗಿ 0.33ರಷ್ಟು ಪರಿಣಾಮ ಕಂಡಿತ್ತು. ಬಿಡಿಸಿ ಹೇಳಿದರೆ ಹೀಗೆ: ಆಟವಿಲ್ಲದೆ ಕಲಿತ 100 ಜನರನ್ನು ಅಂಕದ ಪ್ರಕಾರ ಸಾಲಾಗಿ ನಿಲ್ಲಿಸಿದರೆ, ಆಟದಿಂದ ಕಲಿತ ಸರಾಸರಿ ವಿದ್ಯಾರ್ಥಿ ಸುಮಾರು 63 ಜನರಿಗಿಂತ ಮುಂದಿರುತ್ತಾನೆ. ಪವಾಡವಲ್ಲ, ಆದರೆ ತಳ್ಳಿಹಾಕುವಂಥದ್ದೂ ಅಲ್ಲ. 2013ರಲ್ಲಿ ವೌಟರ್ಸ್ ಮತ್ತು ಸಂಗಡಿಗರು ಮಾಡಿದ ಇಂಥದ್ದೇ ವಿಶ್ಲೇಷಣೆಯಲ್ಲಿ ನನಗೆ ನಗು ತರಿಸಿದ ಸಂಗತಿಯೊಂದಿದೆ. ಕಲಿಕೆ ಜಾಸ್ತಿಯಾಗಿತ್ತು, ನೆನಪಲ್ಲಿ ಉಳಿದದ್ದೂ ಜಾಸ್ತಿ. ಉತ್ಸಾಹ ಮಾತ್ರ ಮಾಮೂಲಿ ಪಾಠಕ್ಕಿಂತ ಖಚಿತವಾಗಿ ಹೆಚ್ಚೇನೂ ಇರಲಿಲ್ಲ. ಮಕ್ಕಳಿಗೆ ಖುಷಿಯಾಗಲಿ ಎಂದೇ ಅಲ್ವಾ ಎಲ್ಲರೂ ಆಟ ತರುವುದು?

ಹಾಗಾದರೆ ಯಾವ ಆಟದ ಕಲಿಕೆ ಗಡಿ ದಾಟುತ್ತದೆ? ನೋಡಲು ನಿಜದಂತಿರುವ ಆಟದ್ದು ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ 'ಸ್ಪೇಸ್ ಫೋರ್ಟ್ರೆಸ್' ಎಂಬ ಆಟವನ್ನೇ ತೆಗೆದುಕೊಳ್ಳಿ. ಪರದೆಯ ನಡುವೆ ಒಂದು ಕೋಟೆ, ಸುತ್ತ ನಮ್ಮ ಪುಟ್ಟ ನೌಕೆ. ಘರ್ಷಣೆ ಇಲ್ಲದ ಬಾಹ್ಯಾಕಾಶವಾದ್ದರಿಂದ ನೌಕೆ ತಾನಾಗಿ ನಿಲ್ಲುವುದಿಲ್ಲ. ಕೋಟೆ ಗುಂಡು ಹಾರಿಸುತ್ತಿರುತ್ತದೆ. ನಡುನಡುವೆ ಸಿಡಿಗುಂಡು ಬರುತ್ತವೆ. ಪರದೆಯ ಮೇಲಿನ ಅಕ್ಷರ ನೋಡಿ ಅದು ಮಿತ್ರನೋ ಶತ್ರುವೋ ಎಂದು ತೀರ್ಮಾನಿಸಬೇಕು. ಚಿತ್ರ ಎಂದರೆ ನಾಲ್ಕು ಗೆರೆ, ವಿಮಾನದ ಹೋಲಿಕೆಯೇ ಇಲ್ಲ. ಆದರೂ ಇಸ್ರೇಲ್ ವಾಯುಪಡೆಯ ತರಬೇತಿ ಅಭ್ಯರ್ಥಿಗಳು ಇದನ್ನು ಹತ್ತು ಗಂಟೆ ಆಡಿದ ಮೇಲೆ ನಿಜವಾದ ಹಾರಾಟದಲ್ಲಿ ಆಡದವರಿಗಿಂತ ಮುಂದಿದ್ದರು. ಗೋಫರ್ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ ಅಧ್ಯಯನವಿದು. ಸುಮ್ನೆ ಆಡಿಕೊಳ್ಳಿ ಎಂದು ಬಿಟ್ಟಿರಲಿಲ್ಲ, ಗಮನವನ್ನು ಯಾವುದರ ಮೇಲೆ ಎಷ್ಟು ಇಡಬೇಕು ಎಂದೂ ತರಬೇತಿ ಕೊಟ್ಟಿದ್ದರು. ಪೈಲಟ್‌ಗೂ ಬೇಕಾದದ್ದು ಅದೇ ಗಮನ ಹಂಚುವ ವಿದ್ಯೆ. ಆ ಸಮಾನ ಅಂಶ ಇದ್ದದ್ದು ಚಿತ್ರದಲ್ಲಲ್ಲ, ಕೆಲಸದಲ್ಲಿ.

ಇದಕ್ಕೆ ಉಲ್ಟಾ ಉದಾಹರಣೆ 2019ರದ್ದು. ಮಕ್ರಾನ್ಸ್ಕಿ, ಟರ್ಕಿಲ್ಡ್‌ಸೆನ್ ಮತ್ತು ಮೇಯರ್ ಒಂದೇ ವಿಜ್ಞಾನ ಪ್ರಯೋಗಾಲಯವನ್ನು ಮಾಮೂಲಿ ಕಂಪ್ಯೂಟರ್ ಪರದೆಯಲ್ಲೂ ತಲೆಗೆ ತೊಡುವ ವಿಆರ್ (ವರ್ಚುವಲ್ ರಿಯಾಲಿಟಿ) ಸಾಧನದಲ್ಲೂ 52 ವಿದ್ಯಾರ್ಥಿಗಳಿಗೆ ತೋರಿಸಿದರು. ವಿಆರ್‌ನಲ್ಲಿ 'ಅಲ್ಲೇ ಇದ್ದೀನಿ' ಎಂಬ ಅನುಭವ ಜೋರಾಗಿತ್ತು, ಕಲಿತದ್ದು ಕಮ್ಮಿ. ಮಿದುಳಿನ ಅಲೆಗಳನ್ನು ಅಳೆದಾಗ ತಲೆಯ ಮೇಲಿನ ಹೊರೆ ಹೆಚ್ಚಾಗಿದ್ದೂ ಕಂಡಿತು.

ಇನ್ನು ವರ್ಚುವಲ್ ಲೋಕಗಳು, ಅಂದರೆ ಕಂಪ್ಯೂಟರಿನೊಳಗೆ ಕಟ್ಟಿದ, ಒಳಹೊಕ್ಕು ಓಡಾಡಬಹುದಾದ ಲೋಕಗಳು. ಹಾರ್ವರ್ಡ್‌ನ ಕ್ರಿಸ್ ಡೀಡ್ ತಂಡ ಕಟ್ಟಿದ 'ರಿವರ್ ಸಿಟಿ' ಹತ್ತೊಂಬತ್ತನೇ ಶತಮಾನದ ಒಂದು ಕಾಲ್ಪನಿಕ ಊರು. ಜನ ಕಾಯಿಲೆ ಬೀಳುತ್ತಿದ್ದಾರೆ. ಮಕ್ಕಳು ತಂಡ ಕಟ್ಟಿಕೊಂಡು ಊರಿನವರನ್ನು ಮಾತಾಡಿಸಿ, ನೀರಿನ ಮಾದರಿ ನೋಡಿ, ಕಾರಣ ಊಹಿಸಿ, ಊಹೆಯನ್ನು ಪರೀಕ್ಷಿಸಬೇಕು. ಇಲ್ಲಿ ಅಭ್ಯಾಸವಾಗುವುದು ಗುಂಡಿ ಒತ್ತುವುದಲ್ಲ, ತನಿಖೆ ಮಾಡುವುದು. ಆಚೆಯ ವಿಜ್ಞಾನಕ್ಕೂ ಅದೇ ಬೇಕು.

ಒಂದು ಹಳೆಯ ಪ್ರಯೋಗ ಹೇಳಲೇಬೇಕು. 1980ರಲ್ಲಿ ಗಿಕ್ ಮತ್ತು ಹೋಲಿಯೋಕ್ ಜನರಿಗೆ ಒಂದು ಕಥೆ ಓದಿಸಿದರು. ಸೇನಾಪತಿಯೊಬ್ಬ ಸೈನ್ಯವನ್ನು ಸಣ್ಣ ತುಕಡಿಗಳಾಗಿ ಒಡೆದು, ಬೇರೆ ಬೇರೆ ದಾರಿಗಳಲ್ಲಿ ಒಟ್ಟಿಗೇ ಕೋಟೆಗೆ ನುಗ್ಗಿಸುವ ಕಥೆ. ಆಮೇಲೆ ಒಂದು ಸಮಸ್ಯೆ: ಸುತ್ತಲಿನ ಅಂಗಾಂಶ ಸುಡದಂತೆ ಕಿರಣದಿಂದ ದೇಹದೊಳಗಿನ ಗೆಡ್ಡೆಯನ್ನು (ಟ್ಯೂಮರ್) ನಾಶ ಮಾಡುವುದು ಹೇಗೆ? ಉತ್ತರ ಕಥೆಯಲ್ಲೇ ಇದೆ, ದುರ್ಬಲ ಕಿರಣಗಳನ್ನು ಹಲವು ದಿಕ್ಕಿನಿಂದ ಬಿಡುವುದು. ತಾವಾಗಿ ಹೊಳೆದದ್ದು ಕೆಲವರಿಗೆ ಮಾತ್ರ. "ಆ ಕಥೆ ಉಪಯೋಗಕ್ಕೆ ಬರಬಹುದು" ಎಂದು ಸುಳಿವು ಕೊಟ್ಟ ಮೇಲೆ ಬಹುಪಾಲು ಜನ ಬಿಡಿಸಿದರು.

ವೌಟರ್ಸ್ ವಿಶ್ಲೇಷಣೆಯಲ್ಲೂ ಆಟದ ಜೊತೆ ಬೇರೆ ಬೋಧನೆ ಸೇರಿದಾಗ, ಗುಂಪಿನಲ್ಲಿ ಆಡಿದಾಗ ಕಲಿಕೆ ಜಾಸ್ತಿಯಿತ್ತು. ಪೆನ್ಸಿಲ್ ಕಚ್ಚುತ್ತಾ ಕೂತ ಮಗುವಿಗೂ ಪಕ್ಕದಲ್ಲಿ ಒಬ್ಬರು ಬೇಕು, "ಇದು ನಿನ್ನ ಪಿಕಾಸಿ ಲೆಕ್ಕಾನೇ ಅಲ್ವಾ?" ಎನ್ನಲು.