ತಾಲ್ಲೂಕು ಬೋರ್ಡಿನಿಂದ ಸಂಸತ್ತಿಗೆ: ದಾರಿ ಕಟ್ಟಿದ್ದೆಲ್ಲಿ?

ಹೊಳೆನರಸೀಪುರದ ತಾಲ್ಲೂಕು ಅಭಿವೃದ್ಧಿ ಮಂಡಳಿಯ ಸದಸ್ಯರಾಗಿದ್ದ ಎಚ್.ಡಿ. ದೇವೇಗೌಡರು ಕಾಂಗ್ರೆಸ್ ಟಿಕೆಟ್ ಸಿಗದೆ 1962ರಲ್ಲಿ ಪಕ್ಷೇತರರಾಗಿ ನಿಂತು ಶಾಸಕರಾದರು. ಹಾಸನದಿಂದ ಲೋಕಸಭೆಗೆ ಹೋದದ್ದು 1991ರಲ್ಲಿ. ಶಿಕಾರಿಪುರದ ಪುರಸಭೆಯಲ್ಲಿ ಶುರುಮಾಡಿದ ಬಿ.ಎಸ್. ಯಡಿಯೂರಪ್ಪನವರು 1983ರಲ್ಲಿ ಶಾಸಕರು, 2014ರಲ್ಲಿ ಶಿವಮೊಗ್ಗದ ಸಂಸದರು. ಇಬ್ಬರಿಗೂ ವಿಧಾನಸಭೆ ದಾಟಿ ದೆಹಲಿ ಮುಟ್ಟಲು ಸುಮಾರು ಮೂರು ದಶಕ ಬೇಕಾಯಿತು.

ಇದಕ್ಕೆ ಕಾರಣ ಕ್ಷೇತ್ರದ ಅಳತೆ. ರಾಜ್ಯದ 224 ವಿಧಾನಸಭಾ ಕ್ಷೇತ್ರಗಳು 28 ಲೋಕಸಭಾ ಕ್ಷೇತ್ರಗಳಲ್ಲಿ ಎಂಟೆಂಟರಂತೆ ಹಂಚಿಹೋಗಿವೆ. ಒಂದು ವಾರ್ಡಿನಲ್ಲಿ ಮನೆಮನೆಗೆ ಗೊತ್ತಿರುವವರಿಗೂ ಎಂಟು ಕ್ಷೇತ್ರಗಳಲ್ಲಿ ಬೂತ್ ಮಟ್ಟದ ಜನ ಇರುವುದಿಲ್ಲ. ಇನ್ನೊಂದು ದಾರಿ ವಿಧಾನ ಪರಿಷತ್ತು. ಅದರ 75 ಸ್ಥಾನಗಳಲ್ಲಿ 25ನ್ನು ಸ್ಥಳೀಯ ಸಂಸ್ಥೆಗಳ ಸದಸ್ಯರೇ ಆರಿಸುತ್ತಾರೆ.

ಶಾಸಕರಾಗಿದ್ದು ಸಂಸತ್ತಿಗೆ ಗೆದ್ದವರು ಒಂದು ನಿಯಮವನ್ನು ಮರೆಯುವಂತಿಲ್ಲ. ಫಲಿತಾಂಶ ರಾಜ್ಯಪತ್ರದಲ್ಲಿ ಪ್ರಕಟವಾದ 14 ದಿನದೊಳಗೆ ಶಾಸಕ ಸ್ಥಾನಕ್ಕೆ ರಾಜೀನಾಮೆ ಕೊಡಬೇಕು. ಕೊಡದಿದ್ದರೆ ಹೋಗುವುದು ಹಳೆಯ ಸ್ಥಾನವಲ್ಲ, ಹೊಸದಾಗಿ ಗೆದ್ದ ಸಂಸದ ಸ್ಥಾನ.

ಕೆಳಹಂತ ನಿಜವಾಗಿ ಬಲವಾಗಿದ್ದ ಕಾಲವೂ ಇತ್ತು. ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರ ಮುತುವರ್ಜಿಯಿಂದ ಬಂದ 1983ರ ಪಂಚಾಯಿತಿ ಕಾಯ್ದೆಯಡಿ 1987ರಲ್ಲಿ ಚುನಾವಣೆ ನಡೆದಾಗ ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ ಇತ್ತು. ಪರಿಷತ್ತಿನ ಮುಖ್ಯ ಕಾರ್ಯದರ್ಶಿ ಜಿಲ್ಲಾಧಿಕಾರಿಗಿಂತ ಹಿರಿಯ ಅಧಿಕಾರಿ. ಬಜೆಟ್ ಓದುವುದು, ಅಧಿಕಾರಿಯನ್ನು ಸಭೆಯಲ್ಲಿ ಪ್ರಶ್ನಿಸುವುದು, ಕ್ರಿಯಾಯೋಜನೆಗೆ ಪಟ್ಟುಹಿಡಿಯುವುದು, ಎಲ್ಲವನ್ನೂ ಅಲ್ಲೇ ಕಲಿಯಬಹುದಿತ್ತು. ರಾಜಕಾರಣಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ.

ಇಂದಿನ ಕಾರ್ಪೊರೇಟರ್‌ಗೆ ಆ ಕಲಿಕೆ ಅರ್ಧಕ್ಕೇ ನಿಲ್ಲುತ್ತದೆ. ಹೆಚ್ಚಿನ ಮಹಾನಗರ ಪಾಲಿಕೆಗಳಲ್ಲಿ ಮೇಯರ್ ಅವಧಿ ಒಂದೇ ವರ್ಷ. ಒಂದು ಬಜೆಟ್ ಮಂಡಿಸಿ ಅದರ ಕಾಮಗಾರಿ ನೋಡುವಷ್ಟರಲ್ಲಿ ಕುರ್ಚಿ ಬಿಡಬೇಕು. ವಾರ್ಡ್ ಮೀಸಲಾತಿ ಚುನಾವಣೆಯಿಂದ ಚುನಾವಣೆಗೆ ಬದಲಾಗುತ್ತದೆ. ಐದು ವರ್ಷ ದುಡಿದ ವಾರ್ಡು ಬೇರೆ ವರ್ಗಕ್ಕೆ ಹೋದರೆ ಪಕ್ಕದ ವಾರ್ಡು ಹುಡುಕಬೇಕು, ಇಲ್ಲವೇ ಮನೆಯವರನ್ನು ನಿಲ್ಲಿಸಬೇಕು. ಮೀಸಲಾತಿ ಬೇಕೇ ಬೇಕು. ಆವರ್ತನ ಎರಡು ಅವಧಿಗೊಮ್ಮೆ ಆದರೆ ಮಹಿಳೆಯರೂ ದಲಿತರೂ ಅದೇ ವಾರ್ಡಿನಲ್ಲಿ ಬೇರೂರಬಹುದು.

ಇದಕ್ಕಿಂತ ದೊಡ್ಡ ಪೆಟ್ಟು ಚುನಾವಣೆಯನ್ನೇ ಮುಂದೂಡುವುದು. ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಯಬೇಕು ಎನ್ನುತ್ತವೆ ಸಂವಿಧಾನದ 243ಇ ಮತ್ತು 243ಯು ವಿಧಿಗಳು. ಆದರೂ ಬಿಬಿಎಂಪಿ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ, ಅದು 2025ರಲ್ಲಿ ಐದು ಪಾಲಿಕೆಗಳಾಗಿ ಒಡೆಯುವವರೆಗೂ ಚುನಾವಣೆ ನಡೆಯಲೇ ಇಲ್ಲ. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು. ಅದೇ ವರ್ಷ ಕ್ಷೇತ್ರ ವಿಂಗಡಣೆಯ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗದಿಂದ ಕಿತ್ತು ಪ್ರತ್ಯೇಕ ಆಯೋಗಕ್ಕೆ ಕೊಡಲಾಯಿತು. ಮೇಲೆ ಹಿಂದುಳಿದ ವರ್ಗಗಳ ಮೀಸಲಾತಿಯ ವ್ಯಾಜ್ಯವೂ ಸೇರಿಕೊಂಡಿತು.

ಆ ಡಿಸೆಂಬರ್‌ನಲ್ಲಿ ವಿಧಾನ ಪರಿಷತ್ತಿನ ಆ 25 ಸ್ಥಾನಗಳಿಗೆ ಮತದಾನ ನಡೆದಾಗ ಮತಹಾಕಲು ಜಿಲ್ಲಾ, ತಾಲ್ಲೂಕು ಪಂಚಾಯಿತಿ ಸದಸ್ಯರೇ ಇರಲಿಲ್ಲ.